ಔಷಧ ಹೊಡೆಯುವವರಿಗೆ ವಿಷ ತಾಗದಂತೆ ಹೊಲದವರು ಏನು ಮಾಡಬೇಕು? – ಅನುಭವ ಹಂಚಿಕೆ

ಕೇಳಿದವರು: ಶಹಾಪುರ ಕಡೆಯ ಹತ್ತಿ ಬೆಳೆಗಾರ

ನಮಗೆ 6 ಎಕರೆ ಹತ್ತಿ ಇದೆ. ಎಂಟು ವರ್ಷಗಳಿಂದ ನಮ್ಮ ಹೊಲಕ್ಕೆ ಕೀಟನಾಶಕ ಔಷಧ ಹೊಡೆಯಲು ಬರುತ್ತಿರುವವರೊಬ್ಬರು ಕಳೆದ ತಿಂಗಳು ಹನ್ನೊಂದನೆಯ ಪಂಪು (ಬೆನ್ನಿಗೆ ಹೊತ್ತು ಔಷಧ ಹೊಡೆಯುವ ಡಬ್ಬಿ) ಮುಗಿಸಿ ಬದುವಿನ ಮೇಲೆ ಕುಳಿತರು. ಮತ್ತೆ ಅವರಿಗೆ ಎದ್ದು ನಿಲ್ಲಲಾಗಲಿಲ್ಲ. ಮೈಯೆಲ್ಲ ಬೆವರಿ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣು ಮಂಜಾಗಿದೆ ಎನ್ನುತ್ತಿದ್ದರು. ಬಿಸಿಲು ಬಡಿದಿರಬೇಕೆಂದು ಮಜ್ಜಿಗೆ ಕುಡಿಸಿ ಮುಕ್ಕಾಲು ಗಂಟೆ ನೆರಳಿನಲ್ಲಿ ಮಲಗಿಸಿದೆವು. ಆ ಮುಕ್ಕಾಲು ಗಂಟೆಯನ್ನು ನೆನೆದರೆ ನನಗೆ ಈಗಲೂ ನಿದ್ದೆ ಬರುವುದಿಲ್ಲ. ಆರು ದಿನ ಆಸ್ಪತ್ರೆಯಲ್ಲಿದ್ದು ಅವರು ಮನೆಗೆ ಬಂದಿದ್ದಾರೆ. ಅಂದು ಬೆರೆಸಿದ್ದು ಪ್ರೊಫೆನೊಫಾಸ್ ಮತ್ತು ಸೈಪರ್‌ಮೆಥ್ರಿನ್ ಕೂಡಿದ ಔಷಧ. ಜೊತೆಗೆ ಅಂಗಡಿಯವರು ಹೇಳಿದರೆಂದು ಅಸಿಫೇಟ್ ಪುಡಿಯನ್ನೂ ಹಾಕಿದ್ದೆವು. ಇನ್ನೂ ಎರಡು ಸಲ ಹೊಡೆಯುವುದು ಬಾಕಿ ಇದೆ. ಒಳ್ಳೆಯ ಮಾಸ್ಕ್ ತಂದುಕೊಟ್ಟರೆ ಸಾಕಾಗುತ್ತದೆಯೇ? ಕೂಲಿ ಕೊಡುವವನಾಗಿ ನಾನು ಇನ್ನೇನು ಮಾಡಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮಾನ್ವಿ ಕಡೆಯವರು, 14 ವರ್ಷ ಔಷಧ ಹೊಡೆದವರು

ಮಾಸ್ಕ್ ಸಾಲದು. ವಾಸನೆ ಮೂಗಿಗೆ ಬಡಿಯುವುದರಿಂದ ವಿಷವೂ ಮೂಗಿನಿಂದಲೇ ಒಳಗೆ ಹೋಗುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಆದರೆ ನನಗೆ ತಾಗಿದ್ದು ಬೆನ್ನಿನಿಂದ. ಪಂಪಿನ ಮುಚ್ಚಳದ ವಾಷರ್ ಸವೆದಿದ್ದರಿಂದ ನಾನು ಬಗ್ಗಿದಾಗಲೆಲ್ಲ ಒಂದಿಷ್ಟು ಔಷಧ ಹೊರಚೆಲ್ಲಿ, ಅಂಗಿಯೊಳಗೆ ಇಳಿದು, ಲುಂಗಿಯ ಗಂಟಿನವರೆಗೆ ಹರಿಯುತ್ತಿತ್ತು. ಅದು ಬೆವರೋ ಔಷಧವೋ ತಿಳಿಯುತ್ತಿರಲಿಲ್ಲ; ಸಂಜೆಯವರೆಗೂ ಅದೇ ಒದ್ದೆ ಬಟ್ಟೆಯಲ್ಲಿರುತ್ತಿದ್ದೆ. ಮೈಯ ಚರ್ಮವೆಲ್ಲ ಒಂದೇ ಸಮನಾಗಿ ಹೀರುವುದಿಲ್ಲ, ಮುಂಗೈಗಿಂತ ಹಣೆ, ಹಣೆಗಿಂತ ತೊಡೆಸಂದು ಹೆಚ್ಚು ಹೀರುತ್ತದೆ ಎಂದು ನನಗೆ ಚಿಕಿತ್ಸೆ ಕೊಟ್ಟ ವೈದ್ಯರು ವಿವರಿಸಿದಾಗಲೇ ನನಗೆ ವಿಷಯ ಅರ್ಥವಾದದ್ದು.

ಆದ್ದರಿಂದ ಮೊದಲು ಪಂಪನ್ನು ನೋಡಿ. ಬರಿಯ ನೀರು ತುಂಬಿ, ಹೊತ್ತುಕೊಂಡು ಹತ್ತು ಹೆಜ್ಜೆ ನಡೆದು, ಇಳಿಸಿದ ಮೇಲೆ ಬೆನ್ನು ಒದ್ದೆಯಾಗಿದ್ದರೆ ಆ ಪಂಪು ಅಂದು ಹೊಲಕ್ಕೆ ಹೋಗಬಾರದು. ನಾಜಲ್ (ಔಷಧ ಚಿಮ್ಮುವ ತುದಿ) ಕಟ್ಟಿಕೊಂಡರೆ ಬಾಯಿಟ್ಟು ಊದುವುದು ನಮ್ಮೆಲ್ಲರ ಕೈಗೆ ಬಂದ ಅಭ್ಯಾಸ. ಅದರ ಬದಲು ಹೆಚ್ಚುವರಿ ನಾಜಲ್ ಒಂದನ್ನು ಜೇಬಿನಲ್ಲಿ ಇಟ್ಟುಕೊಳ್ಳಲು ಕೊಡಿ. ಎಲ್ಲಕ್ಕಿಂತ ಅಪಾಯದ ಗಳಿಗೆ ಬೆರೆಸುವ ಗಳಿಗೆ, ಏಕೆಂದರೆ ಬಾಟಲಿಯಲ್ಲಿ ಇರುವುದು ನೀರು ಬೆರೆಯದ ಗಟ್ಟಿ ಔಷಧ. ಬಹಳ ಮನೆಗಳಲ್ಲಿ ಆ ಕೆಲಸ ನೀರು ಹೊತ್ತು ತರುವ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ, ಅವರು ಬರಿಗೈಯನ್ನೇ ಬಕೆಟ್ಟಿಗೆ ಹಾಕಿ ಕದಡುತ್ತಾರೆ. ನೈಟ್ರೈಲ್ ಎಂಬ ರಬ್ಬರಿನ ಕೈಗವಸು ಮತ್ತು ಉದ್ದದ ಕೋಲು ಬೇಕಾಗುವುದು ಮುಖ್ಯವಾಗಿ ಅಲ್ಲಿ. ಬಟ್ಟೆಯ ಕೈಗವಸು ಮಾತ್ರ ಬೇಡ. ಅದು ಔಷಧವನ್ನು ಹೀರಿ ದಿನವಿಡೀ ಚರ್ಮಕ್ಕೆ ಅಂಟಿಸಿ ಇಡುತ್ತದೆ.

ಇನ್ನೊಂದು ಮಾತನ್ನು ಬೇಸರಿಸದೆ ಕೇಳಿ. ನೀವು ಪಂಪಿಗೆ ಇಷ್ಟು ಎಂದು ಕೂಲಿ ಕೊಡುತ್ತಿದ್ದರೆ ಮೇಲಿನ ಯಾವುದೂ ನಡೆಯುವುದಿಲ್ಲ. 16 ಲೀಟರಿನ ಪಂಪು ಹೊರುವವನು ಹತ್ತಾದ ಮೇಲೆ ಹನ್ನೊಂದನೆಯದನ್ನು ಹೊರುವುದು ಆ ಒಂದು ಪಂಪಿನ ದುಡ್ಡಿಗಾಗಿ. ಅವನು ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸುವುದಿಲ್ಲ, ಎದುರು ಗಾಳಿ ಬಂದರೆ ಸಾಲು ಬದಲಿಸುವುದಿಲ್ಲ, ಕೈ ತೊಳೆಯದೆಯೇ ಬೀಡಿ ಹಚ್ಚುತ್ತಾನೆ. ದಿನದ ಕೂಲಿ ಗೊತ್ತು ಮಾಡಿ, ಬೆಳಿಗ್ಗೆ ಬೇಗ ಆರಂಭಿಸಿ, ಹತ್ತು ಗಂಟೆಗೆ ನಿಲ್ಲಿಸಿ. ಇದರಿಂದ ಖರ್ಚು ಹೆಚ್ಚಾಗುತ್ತದೆ ಎಂಬುದು ನಿಜ.

ಬೆಳೆಯ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆದವರಲ್ಲಿ 20ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಗಿಡಗಳು ಆಳೆತ್ತರ ಬೆಳೆದಿದ್ದವು ಎಂಬುದು ಅಲ್ಲಿ ಹೇಳಲಾದ ಕಾರಣಗಳಲ್ಲಿ ಒಂದು. ಮುಖದ ಎತ್ತರಕ್ಕೆ ಹೊಡೆದದ್ದು ಮುಖಕ್ಕೇ ಮರಳುತ್ತದೆ. ನಿಮ್ಮ ಗಿಡ ಎದೆ ಮೀರಿದ್ದರೆ ಉಳಿದ ಎರಡು ಸಲ ನಿಜವಾಗಿಯೂ ಬೇಕೇ ಎಂದು ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ, ಅಂಗಡಿಯವರನ್ನಲ್ಲ.

ರಾಯಚೂರಿನಿಂದ, ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದು ನಿವೃತ್ತಳಾದವಳು

ಮುಕ್ಕಾಲು ಗಂಟೆ ತಡವಾಯಿತೆಂದು ನೊಂದುಕೊಂಡಿದ್ದೀರಿ. ಮುಂದೆ ಯಾರಿಗಾದರೂ ಹೀಗಾದರೆ ಬಿಸಿಲಿನ ಬಳಲಿಕೆಯೋ ವಿಷವೋ ಎಂದು ತಿಳಿಯಲು ಕಣ್ಣನ್ನು ನೋಡಿ: ಪಾಪೆ ಸಾಸಿವೆ ಕಾಳಿನಷ್ಟು ಕಿರಿದಾಗಿದ್ದು, ಜೊಲ್ಲು ಮತ್ತು ಕಣ್ಣೀರು ನಿಲ್ಲದೆ, ತೋಳು ಕೆನ್ನೆಗಳ ಸ್ನಾಯು ಅದುರುತ್ತಿದ್ದರೆ ಅದು ಬಿಸಿಲಲ್ಲ. ಆದರೆ ಪಾಪೆ ಸರಿಯಿದೆ ಎಂದ ಮಾತ್ರಕ್ಕೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಎಲ್ಲ ಔಷಧಗಳೂ ಒಂದೇ ಲಕ್ಷಣ ತೋರಿಸುವುದಿಲ್ಲ. ನೀವು ಬೆರೆಸಿದ ಪ್ರೊಫೆನೊಫಾಸ್ ಮತ್ತು ಅಸಿಫೇಟ್ ಎರಡೂ ಆರ್ಗನೋಫಾಸ್ಫೇಟ್ ಗುಂಪಿಗೇ ಸೇರಿದವು. ನರಗಳಿಂದ ಸ್ನಾಯುಗಳಿಗೆ ಹೋದ ಸಂದೇಶವನ್ನು ಮುಗಿಸುವ ಕೋಲಿನ್‌ಎಸ್ಟರೇಸ್ ಎಂಬ ಕಿಣ್ವವನ್ನು ಎರಡೂ ಕಟ್ಟಿಹಾಕುತ್ತವೆ, ಆದ್ದರಿಂದ ಅಂದು ಆ ಮನುಷ್ಯರ ಮೇಲೆ ಒಂದೇ ಹೊರೆ ಎರಡು ಕಡೆಯಿಂದ ಬಿದ್ದಿತು.

ಮೊದಲು ಮಾಡಬೇಕಾದದ್ದು ಬಟ್ಟೆ ಬಿಚ್ಚಿಸುವುದು. ಮುಜುಗರ ಪಡದೆ ಒಳಬಟ್ಟೆಯನ್ನೂ ತೆಗೆದು, ತಲೆಗೂದಲು, ಕಂಕುಳು, ಉಗುರಿನ ಸಂದುಗಳವರೆಗೆ ಸೋಪು ಹಚ್ಚಿ ಧಾರಾಳ ನೀರಿನಿಂದ ತೊಳೆಯಬೇಕು. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಬೇಕು. 108ಕ್ಕೆ ಕರೆ ಮಾಡುವುದೂ ತೊಳೆಯುವುದೂ ಒಟ್ಟಿಗೇ ಆಗಲಿ. ಮಜ್ಜಿಗೆ, ಹಾಲು, ತುಪ್ಪ, ಹುಣಸೆ ನೀರು ಯಾವುದೂ ಬೇಡ, ವಾಂತಿ ಮಾಡಿಸುವುದೂ ಬೇಡ, ಏಕೆಂದರೆ ಅರೆಪ್ರಜ್ಞೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎಡಮಗ್ಗುಲಾಗಿ ಮಲಗಿಸಿ. ಔಷಧದ ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರೋಗಿಯ ಜೊತೆಗೇ ಕಳಿಸಿ. ಬಾಟಲಿ ಬಂದರೆ ನಮ್ಮ ಅರ್ಧ ಕೆಲಸ ಹಗುರವಾಗುತ್ತಿತ್ತು. ಆರ್ಗನೋಫಾಸ್ಫೇಟಿಗೆ ಅಟ್ರೋಪಿನ್ ಎಂಬ ಪ್ರತ್ಯೌಷಧ ಇದೆ, ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತ್ಯೌಷಧವೇ ಇಲ್ಲ.

ಪೊಲೀಸ್ ಕೇಸಾಗುತ್ತದೆಂದು ಹೆದರಿ ಎಷ್ಟೋ ಜನ ಜ್ವರ ಎಂದೇ ಹೇಳಿ ದಾಖಲಿಸುತ್ತಿದ್ದರು. ವಿಷದ ಪ್ರಕರಣವನ್ನು ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ವಾಡಿಕೆಯ ಕ್ರಮ. ಅದಕ್ಕೆ ಹೆದರಿ ಸುಳ್ಳು ಹೇಳಿದರೆ ಸರಿಯಾದ ಚಿಕಿತ್ಸೆ ಆರಂಭವಾಗುವುದು ತಡವಾಗುತ್ತದೆ. ಅಟ್ರೋಪಿನ್ ಏರಿದ ಮೇಲೆ ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಕೈಯಾಡಿಸುತ್ತಾನೆ, ಹೊದಿಕೆಯನ್ನು ಎಳೆಯುತ್ತಾನೆ, ಅಸಂಬದ್ಧವಾಗಿ ಮಾತಾಡುತ್ತಾನೆ. ಅದನ್ನು ಕಂಡು ಮನೆಯವರು ದೆವ್ವ ಮೆಟ್ಟಿದೆಯೆಂದು ಅಳುತ್ತಾ ಬಿಡುಗಡೆ ಮಾಡಿಸಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗೆ ಮಾಡಬಾರದು. ಎಲ್ಲ ಸರಿಯಾಯಿತು ಎನ್ನುವಾಗ, ಒಂದರಿಂದ ನಾಲ್ಕು ದಿನಗಳ ನಡುವೆ, ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಸೋಲುವುದುಂಟು. ದಿಂಬಿನಿಂದ ತಲೆ ಎತ್ತಿ ಎಂದು ನಾವು ದಿನಕ್ಕೆ ಹಲವು ಸಲ ಹೇಳುತ್ತಿದ್ದುದು ಅದನ್ನು ಪರೀಕ್ಷಿಸಲು. ನಿಮ್ಮವರು ಆರು ದಿನ ಇದ್ದದ್ದು ಒಳ್ಳೆಯದಾಯಿತು. ಅವರನ್ನು ಈ ಹಂಗಾಮಿನಲ್ಲಿ ಮತ್ತೆ ಪಂಪು ಹೊರಲು ಕರೆಯಬೇಡಿ. ಆ ಕಿಣ್ವ ಪೂರ್ತಿ ಮರಳಲು ತಿಂಗಳುಗಳು ಬೇಕಾಗಬಹುದು, ಅಷ್ಟರಲ್ಲಿ ಸ್ವಲ್ಪ ತಾಗಿದರೂ ಮೊದಲಿಗಿಂತ ಕೆಡುಕು. ರಕ್ತದಲ್ಲಿ ಕೋಲಿನ್‌ಎಸ್ಟರೇಸ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ಅದರ ಖರ್ಚನ್ನು ನೀವೇ ಕೊಡಿ.

ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರ

ನಮ್ಮ ಬೆಳೆ ಬೇರೆಯಾದರೂ ಒಂದು ಅನುಭವ ಹೇಳಬೇಕು. ಅಕ್ಟೋಬರ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವುದು) ಆದ ಮೇಲೆ ಬಳ್ಳಿಯ ಕಣ್ಣುಗಳು, ಅಂದರೆ ಮೊಗ್ಗುಗಳು, ಒಟ್ಟಿಗೆ ಒಡೆಯಲೆಂದು ಹೈಡ್ರೋಜನ್ ಸಯನಮೈಡ್ ದ್ರಾವಣವನ್ನು ಬಟ್ಟೆಯಲ್ಲಿ ಅದ್ದಿ ಕಡ್ಡಿಗಳಿಗೆ ಸವರುತ್ತೇವೆ. ಅದು ಕೈಯ ಚರ್ಮವನ್ನು ಸುಡುವುದು ಎಲ್ಲರಿಗೂ ಗೊತ್ತು. ಆ ಕೆಲಸ ಮಾಡಿದವರು ಸಂಜೆ ಸ್ವಲ್ಪ ಕುಡಿದರೂ ಮುಖ ಕೆಂಪೇರಿ, ಎದೆ ಬಡಿದುಕೊಂಡು, ಉಸಿರು ಕಟ್ಟುತ್ತದೆ ಎಂಬುದು ಅನೇಕರಿಗೆ ಗೊತ್ತಿಲ್ಲ. ದೇಹ ಮದ್ಯವನ್ನು ಕರಗಿಸುವ ದಾರಿಯನ್ನೇ ಅದು ಮುಚ್ಚುತ್ತದೆ. ನಮ್ಮಲ್ಲಿ ಒಬ್ಬರಿಗೆ ಹಾಗಾದಾಗ ಕುಡಿತದ ದೋಷವೆಂದು ಎಲ್ಲರೂ ಅವರನ್ನೇ ಬೈದೆವು. ಈಗ ನಾನು ಹಿಂದಿನ ದಿನದಿಂದ ಮುಂದಿನ ಒಂದು ವಾರದವರೆಗೆ ಕುಡಿಯುವಂತಿಲ್ಲ ಎಂದು ಕಾರಣ ಸಮೇತ ಹೇಳಿಯೇ ಕೆಲಸಕ್ಕೆ ಕರೆಯುತ್ತೇನೆ. ಬಾಟಲಿಯ ಜೊತೆ ಬರುವ ಚೀಟಿಯನ್ನು ಓದಿ ಹೇಳುವವರಿಲ್ಲದಿದ್ದರೆ ಆ ಚೀಟಿ ಇದ್ದೂ ಇಲ್ಲದಂತೆ. ಡಬ್ಬಿಯ ತ್ರಿಕೋನದ ಬಣ್ಣವನ್ನಾದರೂ ಎಲ್ಲರಿಗೂ ಕಲಿಸಿ: ಕೆಂಪು ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರೆಂದರೆ ವಿಷವೇ ಇಲ್ಲವೆಂದಲ್ಲ.

ದೇವದುರ್ಗ ಕಡೆಯಿಂದ, ಹತ್ತಿ ಬಿಡಿಸಲು ಹೋಗುವವಳು

ಔಷಧ ಹೊಡೆದ ಮರುದಿನವೇ ನಮ್ಮನ್ನು ಕರೆಯಬೇಡಿ. ಎಲೆ ಒಣಗಿದಂತೆ ಕಂಡರೂ ಕೈ ಉರಿಯುತ್ತದೆ, ಮಧ್ಯಾಹ್ನಕ್ಕೆ ತಲೆ ತಿರುಗುತ್ತದೆ. ಚೀಟಿಯಲ್ಲಿ ಬರೆದಷ್ಟು ದಿನ ಬಿಟ್ಟು, ಯಾವ ಸಾಲಿಗೆ ಯಾವ ದಿನ ಹೊಡೆದಿರಿ ಎಂಬುದನ್ನು ನಮಗೆ ಮೊದಲೇ ಹೇಳಿ. ಖಾಲಿ ಡಬ್ಬಿಗಳನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಿರಿ. ಇಲ್ಲದಿದ್ದರೆ ಅದು ಯಾರದೋ ಮನೆಯಲ್ಲಿ ಎಣ್ಣೆಯ ಡಬ್ಬಿಯಾಗುತ್ತದೆ.

ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಇಂದು ಎರಡೂ ಪಂಪುಗಳಿಗೆ ನೀರು ತುಂಬಿ ಹೊತ್ತು ನೋಡಿದೆ. ಒಂದರಲ್ಲಿ ಅಂಗಿ ಬೆನ್ನಿನುದ್ದಕ್ಕೂ ಒದ್ದೆಯಾಯಿತು. ಅಂದು ಅವರು ಹೊತ್ತಿದ್ದು ಅದೇ ಪಂಪು. ಅದನ್ನು ತೆಗೆದಿಟ್ಟಿದ್ದೇನೆ, ಕೂಲಿಯನ್ನು ದಿನದ ಲೆಕ್ಕಕ್ಕೆ ಬದಲಿಸಿದ್ದೇನೆ. ರಕ್ತ ಪರೀಕ್ಷೆಗೆ ಸೋಮವಾರ ಅವರನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.