ಬಾರ್ಡರ್ ಕಾಲಿ ನಾಯಿಗೆ ಬೇಕಾದುದು ಇನ್ನಷ್ಟು ಓಟವೇ?

ಅಂಗಳದವಳು: ಕುರಿಕಾಯುವ ತಳಿಯಾದ ಬಾರ್ಡರ್ ಕಾಲಿಯ ನಮ್ಮ ಎರಡು ವರ್ಷದ ನಾಯಿ ಸೈಕಲ್ ಕಂಡೊಡನೆ ತಲೆಯನ್ನು ಹೆಗಲಿಗಿಂತ ಕೆಳಕ್ಕೆ ಇಳಿಸಿ, ಒಂದು ಮುಂಗಾಲನ್ನು ಎತ್ತಿದಲ್ಲೇ ಹಿಡಿದು, ಬಾಲ ತಗ್ಗಿಸಿ ದಿಟ್ಟಿಸುತ್ತದೆ. ಬೊಗಳುವುದಿಲ್ಲ, ಕರೆದರೆ ಕಿವಿಯೂ ಅಲುಗುವುದಿಲ್ಲ, ಮರುಕ್ಷಣ ಚಕ್ರದ ಬೆನ್ನು ಹತ್ತಿರುತ್ತದೆ. ದಿನವೂ ದಣಿಯುವಷ್ಟು ಓಡಿಸಿದರೂ, ಚೆಂಡೆಸೆದು ಆಡಿಸಿದರೂ ಈ ಚಾಳಿ ಹೆಚ್ಚುತ್ತಿದೆಯೇ ಹೊರತು ತಗ್ಗುತ್ತಿಲ್ಲ. ಓಟ ಇನ್ನೂ ಸಾಲದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಮಂದೆಗಾರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಇದು ಖರ್ಚಾಗದೆ ಉಳಿದ ಶಕ್ತಿಯಲ್ಲ. ಬೇಟೆಯ ಸರಣಿಯಲ್ಲಿ ದಿಟ್ಟಿಸುವುದು, ಹೊಂಚುವುದು, ಅಟ್ಟುವುದು ಎಂಬ ಹಂತಗಳನ್ನು ತೀಕ್ಷ್ಣಗೊಳಿಸಿ, ಕಚ್ಚಿ ಕೊಲ್ಲುವ ಕೊನೆಯ ಹಂತವನ್ನು ಕುಗ್ಗಿಸಿ ಕುರುಬರು ರೂಪಿಸಿದ ತಳಿ ಇದು. ಇಂದಿನ ಬಹುತೇಕ ಬಾರ್ಡರ್ ಕಾಲಿಗಳ ವಂಶಾವಳಿ 1893ರಲ್ಲಿ ಇಂಗ್ಲೆಂಡಿನ ನಾರ್ತಂಬರ್‌ಲೆಂಡಿನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡುನಾಯಿಯನ್ನು ಮುಟ್ಟುತ್ತದೆ. ಅದು ಸದ್ದಿಲ್ಲದೆ, ನೋಟದ ಬಲದಿಂದಲೇ ಕುರಿಗಳನ್ನು ನಡೆಸುತ್ತಿತ್ತೆಂದೇ ಹೆಸರಾಯಿತು. ನಿಮ್ಮ ನಾಯಿಯದು ರಕ್ತದಲ್ಲಿ ಬಂದ ಗುಣ. ಚೆಂಡೆಸೆತ ಅದಕ್ಕೆ ಅಟ್ಟುವ ಅಭ್ಯಾಸವನ್ನೇ ಮಾಡಿಸುತ್ತಿದೆ.

ಪುರಾವೆ ಬೇಕು: ‘ರಕ್ತದಲ್ಲಿ ಬಂದ ಗುಣ’ ಎಂದು ಇಷ್ಟು ಸಲೀಸಾಗಿ ಬರೆಯಬಾರದು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ಸಾಕುನಾಯಿಗಳ ಸಮೀಕ್ಷೆಯನ್ನು ಆಧರಿಸಿದ ಅಧ್ಯಯನದ ಪ್ರಕಾರ, ನಾಯಿನಾಯಿಗಳ ನಡುವಣ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಶೇಕಡ 9ರಷ್ಟನ್ನು ಮಾತ್ರ.

ಮಂದೆಗಾರ: ಅದೇ ಅಧ್ಯಯನವನ್ನು ಪೂರ್ತಿ ಓದಬೇಕಿತ್ತು. ಮನುಷ್ಯನ ಸೂಚನೆಗೆ ಸ್ಪಂದಿಸುವ ಗುಣದ ಮಟ್ಟಿಗೆ ತಳಿಯ ಪಾತ್ರ ಬೇರೆ ಗುಣಗಳಿಗಿಂತ ಹೆಚ್ಚೆಂದೂ, ಮಿಶ್ರತಳಿಯ ನಾಯಿಗಳಲ್ಲಿಯೂ ಬಾರ್ಡರ್ ಕಾಲಿಯ ಪೂರ್ವಜರಿದ್ದರೆ ಅದು ಕಾಣುತ್ತದೆಂದೂ ಅಲ್ಲಿಯೇ ಇದೆ. ಅಲ್ಲದೆ ಅದು ಮಾಲೀಕರು ತುಂಬಿದ ಪ್ರಶ್ನಾವಳಿ. ಕುರಿಗಳ ಮುಂದೆ ನಿಲ್ಲಿಸಿ ನೋಡಿದ ಪರೀಕ್ಷೆಯಲ್ಲ.

ವಂಶವೃಕ್ಷ: ಅದೇ ವರ್ಷದ ಡಿಸೆಂಬರಿನಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನವು, 4,000ಕ್ಕೂ ಹೆಚ್ಚು ಪ್ರಾಣಿಗಳ ಡಿಎನ್‌ಎ ಪರಿಶೀಲಿಸಿ, ಕುರಿಕಾಯುವ ನಾಯಿಗಳ ವಂಶದಲ್ಲಿ ಮಿದುಳಿನ ನರತಂತುಗಳಿಗೆ ದಿಕ್ಕು ತೋರಿಸುವ ಜೀನ್‌ಗಳ ಪಾತ್ರವನ್ನು ಗುರುತಿಸಿದೆ. ಅದನ್ನೇಕೆ ಮುಚ್ಚಿಟ್ಟಿರಿ?

ಪುರಾವೆ ಬೇಕು: ಪ್ರಶ್ನಾವಳಿ ಎಂದು ಮೂಗು ಮುರಿದವರಿಗೆ ಮೊದಲು ಉತ್ತರಿಸುತ್ತೇನೆ: ‘ಸೆಲ್’ ಅಧ್ಯಯನವೂ ವರ್ತನೆಗೆ ಮಾಲೀಕರ ಪ್ರಶ್ನಾವಳಿಯನ್ನೇ ನೆಚ್ಚಿಕೊಂಡಿದೆ. ತಮಗೆ ಬೇಕಾದಾಗ ಅದು ಪುರಾವೆ, ಬೇಡವಾದಾಗ ಗಾಳಿಮಾತು! ಯಾವುದನ್ನೂ ನಾನು ಮುಚ್ಚಿಟ್ಟಿಲ್ಲ. ಆ ಆರೋಪವನ್ನು ಹಿಂದೆಗೆದುಕೊಳ್ಳಿ.

ವಂಶವೃಕ್ಷ: ಹಿಂದೆಗೆದುಕೊಳ್ಳುವುದಿಲ್ಲ. ಶೇಕಡ 9 ಎಂಬ ಒಂದೇ ಅಂಕಿಯನ್ನು ಕಿತ್ತು ತಂದವರು ನೀವು.

ತರಬೇತಿಯ ಹಾದಿ: ಒಂಬತ್ತಾಗಲಿ ತೊಂಬತ್ತಾಗಲಿ, ಆ ಸೈಕಲ್ ಸವಾರನ ಕಾಲು ಅದರಿಂದ ಉಳಿಯುವುದಿಲ್ಲ. ಚೆಂಡನ್ನು ಕೆಲಕಾಲ ಎತ್ತಿಡಿ. ಉದ್ದನೆಯ ಹಗ್ಗ ಕಟ್ಟಿ, ಸೈಕಲ್ ಕಂಡರೂ ನಾಯಿ ನಿಮ್ಮತ್ತ ತಿರುಗಬಲ್ಲಷ್ಟು ದೂರದಲ್ಲಿ ನಿಂತು, ತಿರುಗಿದ ಪ್ರತಿ ಸಲವೂ ತಿನಿಸು ಕೊಡಿ. ಮೂಗಿಗೆ ಕೆಲಸ ಕೊಡಿ, ಹುಲ್ಲಿನಲ್ಲಿ ತಿನಿಸು ಹುಡುಕಿಸಿ. ಎಲ್ಲಕ್ಕಿಂತ ಮುಖ್ಯವಾಗಿ ಸುಮ್ಮನೆ ಮಲಗುವುದನ್ನು ಕಲಿಸಿ. ಬೆಳೆದ ನಾಯಿಗೆ ದಿನದ ಅರ್ಧದಷ್ಟು ನಿದ್ದೆ ಬೇಕು.

ಬಯಲ ಓಟ: ‘ಚೆಂಡನ್ನು ಎತ್ತಿಡಿ’ ಎಂಬುದು ಶುದ್ಧ ಕ್ರೌರ್ಯ. ಹಗಲಿಡೀ ಗುಡ್ಡ ಹತ್ತಿಳಿಯಲೆಂದು ಬೆಳೆಸಿದ ನಾಯಿಯನ್ನು ಮೂಲೆಯಲ್ಲಿ ಮಲಗಿಸುತ್ತೀರಾ?

ಮಂದೆಗಾರ: ‘ಹಗಲಿಡೀ’ ಎಂದು ಬರೆಯುವವರು ಮಂದೆಯ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಅಲ್ಲಿ ನಾಯಿ ದೊಡ್ಡ ಬಳಸಿನಲ್ಲಿ ಓಡಿ ಕುರಿಗಳ ಹಿಂಬದಿ ಸೇರಿದೊಡನೆ ಸಿಳ್ಳೆಗೆ ಮಲಗುತ್ತದೆ, ಇನ್ನೊಂದು ಸಿಳ್ಳೆಗೆ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬರುತ್ತದೆ, ಕಾಯುತ್ತದೆ. ತಡೆದು ನಿಲ್ಲುವುದೇ ಆ ಕೆಲಸದ ದೊಡ್ಡ ಪಾಲು. ಚೆಂಡಿನ ಆಟದಲ್ಲಿ ತಡೆ ಎಲ್ಲಿದೆ? ಧಾವಿಸಿ ಗಕ್ಕನೆ ನಿಂತು ತಿರುಗುವ ಪ್ರತಿ ಸಲವೂ ಕೀಲುಗಳಿಗೆ ಹೊಡೆತವಷ್ಟೆ.

ಬಯಲ ಓಟ: ನನ್ನ ನಾಯಿಯ ಕೀಲುಗಳು ಚೆನ್ನಾಗಿವೆ. ಇನ್ನು ನಿಮ್ಮೊಡನೆ ಮಾತಿಲ್ಲ.

ಅಂಗಳದವಳು: ಚೆಂಡನ್ನು ಎತ್ತಿಡುತ್ತೇನೆ. ಆದರೆ ರಸ್ತೆಯ ಆಚೆ ತುದಿಯಲ್ಲಿ ಸೈಕಲ್ ಕಂಡರೂ ಅದು ದಿಟ್ಟಿಸಿ ನಿಂತುಬಿಡುತ್ತದೆ. ಆಗ ಏನು ಮಾಡಲಿ?

ತರಬೇತಿಯ ಹಾದಿ: ಹಾಗಿದ್ದರೆ ಅದೂ ಹತ್ತಿರವೇ. ಇನ್ನೂ ಹಿಂದೆ ಸರಿಯಿರಿ, ಇಲ್ಲವೇ ನಿಂತ ಸೈಕಲ್ಲಿನಿಂದ ಆರಂಭಿಸಿ. ತಲೆ ತಗ್ಗುವ ಮೊದಲೇ ಕರೆಯಬೇಕು. ಮುಂಗಾಲು ಎತ್ತಿ ಹಿಡಿದ ಮೇಲೆ ಕರೆದರೆ ತಡವಾಯಿತು.

ಮಂದೆಗಾರ: ಅಷ್ಟು ದೂರ ಸರಿಯಬೇಕಾಗಿ ಬಂದಿರುವುದೇ ಈ ತಳಿಯ ದಿಟ್ಟಿಸುವ ಕಣ್ಣಿನಿಂದ. ಶೇಕಡ 9 ಎಂದವರು ಇದಕ್ಕೆ ಉತ್ತರಿಸಲಿ.

ಪುರಾವೆ ಬೇಕು: ಸೈಕಲ್ ಅಟ್ಟುವ ಯಾವ ಮಿಶ್ರತಳಿಯ ನಾಯಿಗೂ ಇದೇ ದೂರ, ಇದೇ ಹಗ್ಗ, ಇದೇ ತಿನಿಸು. ಉತ್ತರಿಸಿದ್ದೇನೆ.