ಮನೆಯಲ್ಲಿ ಇಬ್ಬರೇ ಇರುವಾಗ ಮೊಂತಿ ಹಬ್ಬದ ಹೊಸ ಅಕ್ಕಿ ಊಟವನ್ನು ಹೇಗೆ ಮಾಡುವುದು?

ಪ್ರಶ್ನೆ: ಬೆಳ್ತಂಗಡಿ ತಾಲೂಕಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ನಮ್ಮ ಕಥೋಲಿಕರ ಮಾತೆ ಮರಿಯಳ ಜನ್ಮದಿನದ ಮತ್ತು ಹೊಸ ತೆನೆಯ ಹಬ್ಬ, ಹತ್ತಿರ ಬಂತು. ಆಗಸ್ಟ್ 30ರಂದು ನೊವೇನಾ (ಒಂಬತ್ತು ದಿನಗಳ ಪ್ರಾರ್ಥನೆ) ಆರಂಭವಾದರೆ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಸಿಕೊಂಡು ಚರ್ಚಿಗೆ ಹೋಗುವುದು ನಮ್ಮ ಅಂಗಳದಿಂದಲೇ ಕಾಣಿಸುತ್ತದೆ. ಈ ವರ್ಷ ಹಬ್ಬದ ಊಟದ ವಿಷಯದಲ್ಲಿ ನನಗೆ ಒಂದು ತೀರ್ಮಾನಕ್ಕೆ ಬರಲು ಆಗುತ್ತಿಲ್ಲವಾದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ.

ಅತ್ತೆ, ಮಾವ ಇದ್ದ ಕಾಲದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಎರಡು ಸಾಲು ಬಾಳೆಲೆ ಹಾಕಬೇಕಾಗುತ್ತಿತ್ತು. ಅತ್ತೆಯವರು ಒಂಬತ್ತು ಬಗೆಯ ಅಡುಗೆಗೆ ಕಡಿಮೆ ಮಾಡಿದವರಲ್ಲ. ಮಾವನವರು ಪ್ರಾರ್ಥನೆ ಹೇಳಿ, ಚರ್ಚಿನಲ್ಲಿ ಆಶೀರ್ವದಿಸಿ ತಂದ ಭತ್ತದ ತೆನೆಯ ಕಾಳನ್ನು ಪುಡಿ ಮಾಡಿ ತೆಂಗಿನ ಹಾಲಿಗೆ ಬೆರೆಸಿ, ಹಿರಿಯರಿಂದ ಹಿಡಿದು ತೊಟ್ಟಿಲ ಮಗುವಿನವರೆಗೆ ಒಬ್ಬೊಬ್ಬರಿಗೂ ತಮ್ಮ ಕೈಯಿಂದಲೇ ಕೊಡುತ್ತಿದ್ದರು. ಆ ತೆನೆಯೂ ನಮ್ಮ ಗದ್ದೆಯದ್ದೇ ಆಗಿರುತ್ತಿತ್ತು. ಈಗ ಗದ್ದೆಯೆಲ್ಲ ಅಡಿಕೆ ತೋಟವಾಗಿದೆ, ಮಗ ದುಬೈಯಲ್ಲಿದ್ದಾನೆ, ಮಗಳ ಸಂಸಾರ ಬೆಂಗಳೂರಿನಲ್ಲಿದೆ. ಯಜಮಾನರಿಗೆ ಕಳೆದ ವರ್ಷ ಪಾರ್ಶ್ವವಾಯುವಾಗಿ ಬಲಗೈ ಸ್ವಾಧೀನದಲ್ಲಿಲ್ಲ. ಜೊತೆಗೆ ಸಕ್ಕರೆ ಕಾಯಿಲೆಯೂ ಇದೆ. ಅವರು ಚರ್ಚಿಗೆ ಹೋಗಲಾರರು.

ನಾವು ಬೆಳೆಯದ ಭತ್ತದ ತೆನೆಯನ್ನು ತಂದು ‘ಹೊಸ ಅಕ್ಕಿ ಊಟ’ ಎಂದು ಮಾಡುವುದರಲ್ಲಿ ಅರ್ಥವಿದೆಯೇ ಎಂಬುದು ನನ್ನ ಮೊದಲ ಸಂದೇಹ. ಮಾಡುವುದಾದರೆ ಇಬ್ಬರಿಗೆ ಎಷ್ಟು, ಏನು ಮಾಡಬೇಕು, ಯಜಮಾನರಿಗೆ ಏನನ್ನು ಕೊಡಬಹುದು ಎಂಬುದನ್ನೂ ತಿಳಿಸಿ. ಇನ್ನೊಂದು ಮಾತು. ನಮ್ಮ ಮನೆಯ ಮೇಲ್ಗಡೆ ಒಬ್ಬ ವಿಧವೆ ಒಂಟಿಯಾಗಿದ್ದಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರನ್ನು ಕರೆಯಬೇಕೆಂಬ ಮನಸ್ಸಿದೆ, ಆದರೆ ಈ ಹಬ್ಬವನ್ನು ಅವರವರ ಕುಟುಂಬದವರೇ ಸೇರಿ ಮಾಡಬೇಕೆಂಬ ಕ್ರಮವಿರುವುದರಿಂದ ಹಿಂಜರಿಕೆಯಾಗುತ್ತಿದೆ.

ಉತ್ತರ 1: ಬಂಟ್ವಾಳದ ಅಡುಗೆಮನೆಯಿಂದ

ಅಕ್ಕಾ, ಹಬ್ಬದ ಊಟವನ್ನು ಖಂಡಿತ ಮಾಡಿ. ಅಡುಗೆಯ ಬಗ್ಗೆ ನನಗೆ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ.

ಬಗೆಗಳು ಬೆಸ ಸಂಖ್ಯೆಯಲ್ಲಿರಬೇಕು, ಮೀನು ಮಾಂಸ ಇರಬಾರದು ಎಂಬ ಎರಡೇ ಕ್ರಮಗಳನ್ನು ನಮ್ಮ ಹಿರಿಯರು ಹೇಳಿರುವುದು. ಒಂಬತ್ತೇ ಆಗಬೇಕೆಂದು ಯಾರೂ ಹೇಳಿಲ್ಲ. ಮೂರು ಬಗೆ ಮಾಡಿದರೂ ಹಬ್ಬ ಹಬ್ಬವೇ. ಮಳೆಗಾಲದ ಕೊನೆಯಲ್ಲಿ ಹಿತ್ತಲಿನಲ್ಲಿ ಬೆಳೆದಿರುವುದನ್ನೇ ಈ ಊಟಕ್ಕೆ ಬಳಸುವುದು ವಾಡಿಕೆಯಾದ್ದರಿಂದ ಪೇಟೆಗೆ ಹೋಗುವ ಅಗತ್ಯವೂ ಹೆಚ್ಚಿಲ್ಲ. ಕೆಸುವಿನ ದಂಟು ಮತ್ತು ಎಳೆಯ ಎಲೆಗಳಿಗೆ ಅಮಟೆಕಾಯಿ ಹಾಕಿ ಮಾಡುವ ಪದಾರ್ಥ ಒಂದು, ಬೆಂಡೆಕಾಯಿ ಅಥವಾ ಅಲಸಂಡೆಯ ಪಲ್ಯ ಒಂದು, ಕಡಲೆಬೇಳೆಯ ಪಾಯಸ ಒಂದು. ಇಷ್ಟಿದ್ದರೆ ಇಬ್ಬರಿಗೂ, ಬಂದವರಿಗೂ ಧಾರಾಳವಾಯಿತು.

ಕೆಸುವನ್ನು ಹಿಂದಿನ ದಿನವೇ ಕೊಯ್ದು, ದಂಟಿನ ಸಿಪ್ಪೆ ತೆಗೆದು, ಎಲೆಯನ್ನು ಒರೆಸಿ, ನೆರಳಿನಲ್ಲಿ ಬಾಡಲು ಬಿಡಿ. ಮರುದಿನ ಎಲೆಯನ್ನು ಸುರುಳಿ ಸುತ್ತಿ ಗಂಟು ಹಾಕಿ, ಜಜ್ಜಿದ ಎರಡು ಅಮಟೆಕಾಯಿಯೊಂದಿಗೆ ಚೆನ್ನಾಗಿ ಬೇಯಿಸಿ. ತುರಿಕೆಯನ್ನು ತಡೆಯುವುದು ಈ ಹುಳಿ ಮತ್ತು ಪೂರ್ತಿ ಬೇಯುವಿಕೆ. ಎರಡರಲ್ಲಿ ಒಂದು ಕಡಿಮೆಯಾದರೂ ಗಂಟಲು ಹಿಡಿಯುತ್ತದೆ. ಅಮಟೆಕಾಯಿ ಸಿಗದಿದ್ದರೆ ಹುಣಸೆಹಣ್ಣು ಸಾಕು. ತೆಂಗಿನಕಾಯಿ, ಒಣಮೆಣಸು, ಕೊತ್ತಂಬರಿ, ಚಿಟಿಕೆ ಅರಸಿನ ಅರೆದು ಹಾಕಿ ಒಂದು ಕುದಿ ಬಂದ ಮೇಲೆ ಇಳಿಸಿ.

ಪಾಯಸಕ್ಕೆ ಅರ್ಧ ಕುಡ್ತೆ (ಲೋಟ) ಕಡಲೆಬೇಳೆ, ಅರ್ಧ ತೆಂಗಿನಕಾಯಿಯ ಹಾಲು, ರುಚಿಗೆ ಬೆಲ್ಲ, ಏಲಕ್ಕಿ ಸಾಕು. ಬೇಳೆ ಬೆಂದ ಮೇಲೆ ಎರಡನೆಯ ಹಾಲು, ಬೆಲ್ಲ ಕರಗಿದ ಮೇಲೆ ಒಂದು ಚಮಚ ಅಕ್ಕಿಹಿಟ್ಟಿನ ನೀರು, ಕೊನೆಗೆ ಮೊದಲ ಹಾಲು ಹಾಕಿ. ದಪ್ಪ ಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆದು ಹೋಗುತ್ತದೆ.

ತೆನೆಯ ವಿಷಯ. ಏಣಿಲು ಬೆಳೆ (ಮಳೆಗಾಲದ ಭತ್ತದ ಬೆಳೆ) ಸೆಪ್ಟೆಂಬರ್ ಮೊದಲ ವಾರದಲ್ಲಿ ಪೂರ್ತಿ ಬಲಿತಿರುವುದಿಲ್ಲ. ಎಷ್ಟೋ ಕಾಳುಗಳನ್ನು ಉಗುರಿನಿಂದ ಒತ್ತಿದರೆ ಬಿಳಿ ಹಾಲು ಬರುತ್ತದೆ. ಅಂತಹ ಕಾಳನ್ನು ಅರೆದರೆ ಅಂಟಾಗುತ್ತದೆಯೇ ಹೊರತು ಪುಡಿಯಾಗುವುದಿಲ್ಲ. ಆದ್ದರಿಂದ ಬಲಿತ ಕಾಳುಗಳನ್ನು ಆರಿಸಿ, ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ಬಿಸಿ ಮಾಡಿ, ಸಿಪ್ಪೆ ಬಿಡಿಸಿ, ನಂತರ ಕುಟ್ಟಿ ನುಣ್ಣಗೆ ಮಾಡಿಕೊಳ್ಳಿ. ಏಳೆಂಟು ಕಾಳು ಸಾಕು. ಇದನ್ನು ಮಿಕ್ಸಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟು ಸಣ್ಣ ಪ್ರಮಾಣ ಜಾರಿನ ಬುಡಕ್ಕೆ ಅಂಟಿಕೊಳ್ಳುತ್ತದೆ, ಆಶೀರ್ವದಿಸಿದ ಕಾಳು ತೊಳೆದ ನೀರಿನ ಪಾಲಾಗುತ್ತದೆ.

ಉತ್ತರ 2: ಉಡುಪಿ, ಸಿಎಸ್‌ಐ ಸಭೆಯ ಸದಸ್ಯ

ಮಾನ್ಯರೇ, ನಾನು ಕಥೋಲಿಕನಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್ನಿನ ಪರಂಪರೆಯ ಕುಟುಂಬ ನಮ್ಮದು. ನಮ್ಮಲ್ಲಿ ಮೊಂತಿ ಹಬ್ಬವಿಲ್ಲ. ಆದರೆ ಬೆಳೆಯ ಹಬ್ಬದ ದಿನ ಜನರು ಭತ್ತ, ತೆಂಗಿನಕಾಯಿ, ಬಾಳೆಗೊನೆ, ತರಕಾರಿಗಳನ್ನು ದೇವಾಲಯಕ್ಕೆ ತಂದು ಅರ್ಪಿಸುತ್ತಾರೆ, ಆರಾಧನೆಯ ನಂತರ ಅವುಗಳ ಏಲಂ ನಡೆಯುತ್ತದೆ. ಗದ್ದೆಯಿಲ್ಲದವರು ಏಲಂನಲ್ಲಿ ಕೊಂಡದ್ದನ್ನು ಮನೆಗೆ ಒಯ್ದು ಅಷ್ಟೇ ಸಂತೋಷದಿಂದ ಅಡುಗೆ ಮಾಡುವುದನ್ನು ನಾನು ಬಾಲ್ಯದಿಂದ ನೋಡಿದ್ದೇನೆ. ಹಾಗಾಗಿ ನಿಮ್ಮ ಮೊದಲ ಸಂದೇಹದ ಬಗ್ಗೆ ನಾಲ್ಕು ಮಾತು ಬರೆಯಲು ಧೈರ್ಯ ಮಾಡುತ್ತೇನೆ.

ನಾವು ಬೆಳೆಯದ ತೆನೆಗೆ ಅರ್ಥವಿದೆಯೇ ಎಂದು ಕೇಳಿದ್ದೀರಿ. ಬೈಬಲ್ಲಿನ ರೂತಳ ಪುಸ್ತಕದ ಎರಡನೆಯ ಅಧ್ಯಾಯವನ್ನು ದಯವಿಟ್ಟು ಒಮ್ಮೆ ನಿಧಾನವಾಗಿ ಓದಿ. ರೂತಳಿಗೆ ಸ್ವಂತ ಗದ್ದೆಯಿರಲಿಲ್ಲ. ಅವಳು ಪರದೇಶದವಳು, ವಿಧವೆ. ಬೋವಜನ ಹೊಲದಲ್ಲಿ ಕೊಯ್ಲಿನವರ ಹಿಂದೆ ಬಿದ್ದ ತೆನೆಗಳನ್ನು ಆಯ್ದುಕೊಂಡಳು. ಮಧ್ಯಾಹ್ನ ಬೋವಜನು ಅವಳನ್ನು ಊಟಕ್ಕೆ ಕರೆದು ಹುರಿದ ಕಾಳುಗಳನ್ನು ಕೊಟ್ಟನು. ಅವಳು ತೃಪ್ತಿಯಾಗಿ ತಿಂದು, ಮಿಕ್ಕದ್ದನ್ನು ತೆಗೆದಿರಿಸಿ, ಸಾಯಂಕಾಲ ಮನೆಯಲ್ಲಿದ್ದ ಅತ್ತೆ ನೊವೊಮಿಗೆ ಒಯ್ದು ಕೊಟ್ಟಳು. ಬೇರೆಯವರ ಹೊಲದ ತೆನೆ, ಬೇರೆಯವರು ಬಡಿಸಿದ ಹುರಿದ ಕಾಳು, ಹೊಲಕ್ಕೆ ಬರಲಾಗದೆ ಮನೆಯಲ್ಲಿ ಉಳಿದವಳಿಗೆ ಅದರ ಪಾಲು. ನಿಮ್ಮ ಮನೆಯಲ್ಲಿ ಆ ದಿನ ನಡೆಯುವುದು ಇದಕ್ಕಿಂತ ಬೇರೆಯೆಂದು ನನಗೆ ತೋರುವುದಿಲ್ಲ.

ಪ್ರಥಮ ಫಲದ ಬುಟ್ಟಿಯ ವಿಧಿಯನ್ನು ಹೇಳುವ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವೂ ಆ ಸಂತೋಷವನ್ನು ಬೆಳೆದವನ ಮನೆಮಂದಿಗಷ್ಟೇ ಮೀಸಲಿಡುವುದಿಲ್ಲ. ದೇವರ ಸೇವೆ ಮಾಡುವ, ಸ್ವಂತ ಭೂಮಿಯಿಲ್ಲದ ಲೇವಿಯರೂ ನಡುವೆ ವಾಸಿಸುವ ಪರದೇಶದವರೂ ಅದರಲ್ಲಿ ಕೂಡಿಕೊಳ್ಳಬೇಕೆನ್ನುತ್ತದೆ. ಮೇಲ್ಗಡೆಯ ಮನೆಯ ಹಿರಿಯರನ್ನು ಕರೆಯುವುದಕ್ಕೆ ಇದಕ್ಕಿಂತ ದೊಡ್ಡ ಅನುಮತಿ ಬೇಕೆಂದು ನನಗನ್ನಿಸುವುದಿಲ್ಲ.

ನಿಮ್ಮ ಬರಹದಲ್ಲಿ ಆಯಾಸ ಕಾಣುತ್ತದೆ. ರೋಗಿಯ ಆರೈಕೆ ಮಾಡುವವರಿಗೆ ‘ಧೈರ್ಯವಾಗಿರಿ, ದೇವರಿದ್ದಾರೆ’ ಎಂದು ಎಲ್ಲರೂ ಹೇಳುತ್ತಾರೆ, ಒಂದು ಹೊತ್ತಿನ ಅನ್ನ ತಂದುಕೊಡುವವರು ಕಡಿಮೆ. ಪ್ರವಾದಿ ಎಲೀಯನು ಸಾವನ್ನು ಬಯಸಿ ಅಡವಿಯ ಗಿಡದ ಕೆಳಗೆ ಮಲಗಿದಾಗ ದೇವದೂತನು ಮೊದಲು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತಲೆಯ ಬಳಿ ಇಟ್ಟು ಎಬ್ಬಿಸಿ ತಿನ್ನಿಸಿದನು, ಮಲಗಲು ಬಿಟ್ಟನು, ಮತ್ತೆ ಎಬ್ಬಿಸಿ ತಿನ್ನಿಸಿದನು. ನಿಮ್ಮ ಸುತ್ತಲಿನವರು ಈ ಹಬ್ಬದ ದಿನ ಒಂದು ಪದಾರ್ಥವನ್ನಾದರೂ ತಂದುಕೊಟ್ಟರೆ ಸಂಕೋಚಪಡದೆ ತೆಗೆದುಕೊಳ್ಳಿ. ಎಲ್ಲವನ್ನೂ ನೀವೇ ಬೇಯಿಸಬೇಕೆಂಬ ಹಟ ಬೇಡ.

ಉತ್ತರ 3: ನಿವೃತ್ತ ದಾದಿ, ಮೂಡುಬಿದಿರೆ

ಯಜಮಾನರ ಊಟದ ಬಗ್ಗೆ ಮಾತ್ರ ಹೇಳುತ್ತೇನೆ. ಪಾರ್ಶ್ವವಾಯುವಾದ ಕೆಲವರಿಗೆ ನುಂಗುವಾಗ ತೊಂದರೆಯಿರುತ್ತದೆ. ಅಂಥವರಿಗೆ ನೀರಿನಂತೆ ತೆಳ್ಳಗಿರುವುದು ಶ್ವಾಸನಾಳದ ಕಡೆಗೆ ಬೇಗ ಜಾರುತ್ತದೆ, ಒಣ ತರಿಯೂ ಕೆಮ್ಮು ತರಿಸುತ್ತದೆ. ಆದ್ದರಿಂದ ಅವರಿಗೆ ಊಟದ ನಡುವೆ ಕೆಮ್ಮು ಬರುತ್ತದೆಯೇ, ತಿಂದ ಮೇಲೆ ಸ್ವರ ಒದ್ದೆಯಾದಂತೆ ಕೇಳುತ್ತದೆಯೇ ಎಂಬುದನ್ನು ಗಮನಿಸಿ, ಹಾಗಿದ್ದರೆ ಹಬ್ಬಕ್ಕೆ ಮೊದಲೇ ವೈದ್ಯರನ್ನು ಕೇಳಿ, ಅವರು ಹೇಳಿದ ಹದದಲ್ಲೇ ಕೊಡಿ. ಅಂತಹ ತೊಂದರೆ ಇಲ್ಲದಿದ್ದರೂ ಹೊಸ ಅಕ್ಕಿಯ ಪುಡಿಯನ್ನು ಚೆನ್ನಾಗಿ ಸೋಸಿ, ದಪ್ಪ ತೆಂಗಿನ ಹಾಲಿನಲ್ಲಿ ನುಣ್ಣಗೆ ಕದಡಿ, ನೇರವಾಗಿ ಕೂರಿಸಿ, ಅರ್ಧ ಚಮಚದಂತೆ ಕೊಡಿ. ಬೆಲ್ಲ ಹಾಕುವ ಮೊದಲೇ ಅವರ ಪಾಲನ್ನು ಬೇರೆ ತೆಗೆದಿಟ್ಟುಕೊಳ್ಳಿ. ಅಮಟೆಕಾಯಿಯ ನಾರು, ಕೆಸುವಿನ ಗಂಟು ಅವರ ತಟ್ಟೆಗೆ ಬೇಡ; ಅದೇ ಪದಾರ್ಥವನ್ನು ನುಣ್ಣಗೆ ಹಿಸುಕಿ, ಮೆತ್ತಗೆ ಬೆಂದ ಅನ್ನದೊಂದಿಗೆ ಕಲಸಿ ಕೊಡಬಹುದು.

ಪ್ರಾರ್ಥನೆಯನ್ನು ಅವರಿಂದಲೇ ಹೇಳಿಸಿ. ಮಾತು ತೊದಲಿದರೂ ಸರಿ. ಬಲಗೈ ಆಗದಿದ್ದರೆ ಎಡಗೈಯಿಂದ ಚಮಚ ಹಿಡಿದು ಮೊದಲ ಪಾಲನ್ನು ಅವರೇ ನಿಮಗೆ ಕೊಡಲಿ. ಮನೆಯ ಯಜಮಾನನ ಕೆಲಸವನ್ನು ಕಾಯಿಲೆಯ ಹೆಸರಿನಲ್ಲಿ ನಾವು ಕೈಯಿಂದ ಕಿತ್ತುಕೊಂಡಾಗ ರೋಗಿಗಳು ಒಳಗೊಳಗೇ ಕುಗ್ಗುವುದನ್ನು ವಾರ್ಡುಗಳಲ್ಲಿ ಬಹಳ ನೋಡಿದ್ದೇನೆ.

ಉತ್ತರ 4: ಒಂದು ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರ (ಮುಖಂಡ)

ಬಾಯಿಯವರೇ, ನಿಮ್ಮ ಹಾಗೆ ಗದ್ದೆ ಬಿಟ್ಟವರೇ ಈಗ ನಮ್ಮ ಧರ್ಮಕೇಂದ್ರಗಳಲ್ಲಿ ಹೆಚ್ಚು. ಎಷ್ಟೋ ಚರ್ಚುಗಳಲ್ಲಿ ಹಬ್ಬದ ತೆನೆಗಾಗಿಯೇ ಒಂದು ತುಂಡು ಗದ್ದೆಯನ್ನು ಬಿತ್ತುತ್ತಾರೆ, ಇಲ್ಲವೇ ಬೇಸಾಯ ಮುಂದುವರಿಸಿದ ಯಾರಾದರೂ ಕೊಡುತ್ತಾರೆ. ಅದು ಎಲ್ಲರ ಪಾಲಿನ ತೆನೆ.

ಇತಿಹಾಸವನ್ನು ನೆನೆದರೂ ನಿಮ್ಮ ಸಂದೇಹ ಪರಿಹಾರವಾಗಬಹುದು. ಫರಂಗಿಪೇಟೆಯಲ್ಲಿ ನೇತ್ರಾವತಿಯ ದಂಡೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಫಾದರ್ ಜೋಕಿಂ ಮಿರಾಂದಾ ಅವರು ಈ ಹಬ್ಬವನ್ನು ಆರಂಭಿಸಿದರೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. 1784ರಲ್ಲಿ ನಮ್ಮ ಪೂರ್ವಿಕರನ್ನು ಟಿಪ್ಪುವಿನ ಸೈನ್ಯ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಿತು. 1799ರ ನಂತರ ಬದುಕುಳಿದವರು ಊರಿಗೆ ಮರಳಿದಾಗ ಬಹಳ ಮಂದಿಯ ಜಮೀನು ಬೇರೆಯವರ ಕೈಯಲ್ಲಿತ್ತು. ಆದರೂ ಹಬ್ಬ ಉಳಿದುಬಂತು. ಸ್ವಂತ ಗದ್ದೆಯಿದ್ದವರೇ ಆಚರಿಸಬೇಕೆಂಬ ನಿಯಮವಿದ್ದಿದ್ದರೆ ಅದು ನಮ್ಮವರೆಗೆ ತಲುಪುತ್ತಿರಲಿಲ್ಲ.

ಇನ್ನು ಕೆಲಸದ ಮಾತು. ನಿಮ್ಮ ವಾಳೆಯ ಗುರಿಕಾರರಿಗೆ ನೊವೇನಾ ಮುಗಿಯುವ ಮೊದಲೇ ತಿಳಿಸಿ. ಬಲಿಪೂಜೆಯ ನಂತರ ಯಜಮಾನರಿಗೆ ಮನೆಗೇ ಪರಮಪ್ರಸಾದ ತರುವ ವ್ಯವಸ್ಥೆಯನ್ನು ಧರ್ಮಗುರುಗಳಲ್ಲಿ ಕೇಳಿದರೆ ಇಲ್ಲವೆನ್ನುವುದಿಲ್ಲ. ತೆನೆಯನ್ನೂ ಆಗಲೇ ತರಬಹುದು. ಒಂಟಿಯಾಗಿರುವವರನ್ನು ಊಟಕ್ಕೆ ಕರೆಯುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ತೆನೆಯನ್ನು ಅವರ ಹೆಸರಿಗೂ ಒಂದು ಪಡೆದು, ಅವರ ಮನೆಯ ಅಲ್ತಾರಿನ (ಪ್ರಾರ್ಥನಾ ಪೀಠದ) ಮುಂದೆಯೂ ಇರಿಸಿ ಬನ್ನಿ. ಅವರ ಮನೆಯೂ ಒಂದು ಮನೆಯೇ. ಅಲ್ಲಿ ಹಬ್ಬವಿಲ್ಲವೆಂದು ಆಗಬಾರದು.

ಉತ್ತರ 5: ಒಬ್ಬ ಬೇಸಾಯಗಾರ, ವೇಣೂರು ಕಡೆ

ನಮಸ್ಕಾರ. ನಾವು ಹಿಂದೂಗಳು. ನಮ್ಮಲ್ಲಿಯೂ ತೆನೆ ತಂದು ಮನೆಗೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಕ್ರಮವಿದೆ. ಇನ್ನೂ ಗದ್ದೆ ಬೇಸಾಯ ಮಾಡುತ್ತಿರುವ ನಾನು ಪ್ರತಿವರ್ಷ ನೆರೆಯ ಕ್ರಿಶ್ಚಿಯನ್ ಮನೆಗಳಿಗೂ ತೆನೆ ಕೊಡುತ್ತೇನೆ. ಕೇಳಿದರೆ ಕೊಡಲು ನಮಗೆ ಸಂತೋಷವೇ. ಕೇಳುವವರು ಇದ್ದಾರೆಂದರೆ ಗದ್ದೆ ಉಳಿಸಿಕೊಳ್ಳಲೂ ಮನಸ್ಸಾಗುತ್ತದೆ. ಬೇಗ ಬರುವ ತಳಿ ಬಿತ್ತಿದ ಗದ್ದೆ ಯಾರದ್ದೆಂದು ನೋಡಿ ಮೊದಲೇ ಹೇಳಿಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ರೂತಳ ಭಾಗವನ್ನು ನಿನ್ನೆ ರಾತ್ರಿ ಜಪಸರದ ನಂತರ ಯಜಮಾನರಿಗೆ ಓದಿ ಹೇಳಿದೆ. ಮಿಕ್ಕ ಕಾಳನ್ನು ಅತ್ತೆಗೆ ಒಯ್ದ ವಾಕ್ಯ ಬಂದಾಗ ಇನ್ನೊಮ್ಮೆ ಓದಲು ಹೇಳಿದರು. ಮೂರು ಬಗೆ ಮಾಡುವುದೆಂದು ನಿಶ್ಚಯಿಸಿದ್ದೇನೆ. ಮೇಲ್ಗಡೆಯ ಅಕ್ಕನವರಿಗೆ ಹೇಳಿ ಬಂದಾಯಿತು. ಪಲ್ಯ ಅವರೇ ಮಾಡಿ ತರುತ್ತಾರಂತೆ, ಬೇಡವೆನ್ನಲಿಲ್ಲ. ಗುರಿಕಾರರೂ ತೆನೆಯ ವಿಷಯ ಒಪ್ಪಿಕೊಂಡಿದ್ದಾರೆ. ಮಗನಿಗೆ ನಾಲ್ಕು ಕಾಳು ಕಳುಹಿಸಬೇಕೆಂದಿದ್ದೇನೆ. ಹಸಿ ತೆನೆಯನ್ನು ಹಾಗೆಯೇ ಲಕೋಟೆಯಲ್ಲಿ ಹಾಕಿದರೆ ಬೂಸ್ಟು ಬರುವುದಿಲ್ಲವೇ?

ಉತ್ತರ: ಬಂಟ್ವಾಳದ ಅಡುಗೆಮನೆಯಿಂದ

ಬರುತ್ತದೆ ಅಕ್ಕಾ. ಸಿಪ್ಪೆ ಬಿಡಿಸಿದ ಕಾಳನ್ನು ಬಾಣಲೆಯಲ್ಲಿ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಕಾಗದದಲ್ಲಿ ಮಡಚಿ ಇಡಿ. ಬಿಸಿಯಿರುವಾಗ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೆವರುತ್ತದೆ. ಅಂಚೆಯಲ್ಲಿ ಕಳುಹಿಸುವುದಕ್ಕಿಂತ ಊರಿನಿಂದ ದುಬೈಗೆ ಹೋಗುವವರು ಯಾರಾದರೂ ಇದ್ದರೆ ಅವರ ಕೈಯಲ್ಲಿ ಕೊಡುವುದು ಒಳ್ಳೆಯದು, ಆದರೆ ಅಲ್ಲಿಗೆ ಏನನ್ನು ಒಯ್ಯಬಹುದೆಂದು ಅವರಲ್ಲಿ ಮೊದಲೇ ಕೇಳಿಕೊಳ್ಳಿ. ಅಲ್ಲಿಯೂ ನಮ್ಮವರು ಸೇರಿ ಹಬ್ಬ ಮಾಡುತ್ತಾರೆ. ಹೆಚ್ಚಾಗಿ ರಜೆಯ ದಿನಕ್ಕೆ ಮುಂದೂಡುವುದರಿಂದ ನಿಮ್ಮ ಕಾಳು ಎರಡು ದಿನ ತಡವಾಗಿ ತಲುಪಿದರೂ ಊಟಕ್ಕೆ ಸಿಗಬಹುದು.