ಕಾಯಿನ್ ಹಾಕದಿದ್ದರೂ ಕ್ರೆಡಿಟ್ ಏರುತ್ತಿದೆ: ಇಲಿ ಹೊಡೆಯುವ ಆಟದ ಮೆಷಿನ್

ಪ್ರಶ್ನೆ:
ನಮಸ್ಕಾರ. ಹುಬ್ಬಳ್ಳಿಯಲ್ಲಿ ನಾವು ಮೂರು ಜನ ಸೇರಿ ಇಲಿ ಹೊಡೆಯುವ ಆಟದ ಮೆಷಿನ್ ಕಟ್ಟುತ್ತಿದ್ದೇವೆ. ಪ್ಲೈವುಡ್ ಕೆಲಸ ಒಬ್ಬರದು, ಪ್ರೋಗ್ರಾಂ ಇನ್ನೊಬ್ಬರದು, ವೈರಿಂಗ್ ನನ್ನದು. ಆರು ಇಲಿ, ಒಂದೊಂದಕ್ಕೂ 24 ವೋಲ್ಟಿನ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಕಡ್ಡಿಯನ್ನು ಎಳೆಯುವ ಕಾಯಿಲ್). ಎಲ್ಲ ನಡೆಸಲು ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್, ನಾಣ್ಯ ಗುರುತಿಸಿ ಸಿಗ್ನಲ್ ಕೊಡುವ 12 ವೋಲ್ಟಿನ ಕಾಯಿನ್ ಆಕ್ಸೆಪ್ಟರ್ ಇವೆ.

ತೊಂದರೆ ಇಷ್ಟು. ಒಂದು ಕಾಯಿನ್ ಹಾಕಿ ಆಟ ಶುರು ಮಾಡಿದರೆ, ಮುಗಿಯುವಷ್ಟರಲ್ಲಿ ಡಿಸ್‌ಪ್ಲೇಯಲ್ಲಿ 4 ಕ್ರೆಡಿಟ್ (ಆಡಲು ಬಾಕಿ ಇರುವ ಆಟ) ಇರುತ್ತದೆ! ಸುಮ್ನೆ ಆನ್ ಮಾಡಿಟ್ಟರೆ ಏನೂ ಆಗುವುದಿಲ್ಲ. ಆಕ್ಸೆಪ್ಟರ್ ಬದಲಿಸಿ ನೋಡಿದೆವು, ಅದೇ ಕಥೆ. ಮುಂದಿನ ವಾರ ಜಾತ್ರೆಗೆ ಒಯ್ಯಬೇಕು.

ಉತ್ತರ:
ಸುಮ್ನೆ ಇದ್ದಾಗ ಏನೂ ಆಗಲ್ಲ ಅಂದಿರಲ್ಲ, ಸುಳಿವು ಅಲ್ಲೇ ಇದೆ. ಆಕ್ಸೆಪ್ಟರ್ ತಪ್ಪಿಲ್ಲ, ಇಲಿಗಳ ಮೇಲೆ ಅನುಮಾನ. ಸೊಲೆನಾಯ್ಡ್‌ಗಳ 24 ವೋಲ್ಟ್ ಸಪ್ಲೈ ಮಾತ್ರ ಕಳಚಿ ಹತ್ತು ಆಟ ಓಡಿಸಿ ನೋಡಿ. ಪ್ರತಿ ಕಾಯಿಲ್‌ಗೂ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದೆಯಾ? ಕಾಯಿನ್ ವೈರ್ ಎಲ್ಲಿಂದ ಹಾದು ಬರುತ್ತದೆ?

ಪ್ರಶ್ನೆ ಕೇಳಿದವರು:
ನೋಡಿದೆ ಸರ್. ಹತ್ತು ಆಟದಲ್ಲಿ ಒಂದು ಕ್ರೆಡಿಟ್ಟೂ ಜಾಸ್ತಿ ಬರಲಿಲ್ಲ. ಆಮೇಲೆ ಸೇರಿಸಿದ ಎರಡು ಇಲಿಗಳಿಗೆ ಡಯೋಡ್ ಹಾಕಿಯೇ ಇಲ್ಲ. ಕಾಯಿನ್ ವೈರ್ ಸುಮಾರು ಒಂದೂವರೆ ಮೀಟರ್, ಸೊಲೆನಾಯ್ಡ್ ವೈರ್‌ಗಳ ಜೊತೆಗೇ ಟ್ಯಾಗ್ ಹಾಕಿ ಬಿಗಿದಿದ್ದೇವೆ. ಕಾಯಿಲ್‌ಗಳ ಗ್ರೌಂಡ್ ನ್ಯಾನೊದ ಗ್ರೌಂಡ್ ಮೂಲಕವೇ ವಾಪಸ್ ಹೋಗುತ್ತಿದೆ.

ಉತ್ತರ:
ಹಾಗಾದರೆ ಸಿಕ್ಕಿತು. ಕಾಯಿಲ್‌ಗೆ ಕರೆಂಟ್ ನಿಲ್ಲಿಸಿದ ಕ್ಷಣ ಅದು ಜೋರಾಗಿ ವೋಲ್ಟೇಜ್ ಒದೆಯುತ್ತದೆ. ಪಕ್ಕದಲ್ಲೇ ಇರುವ ಕಾಯಿನ್ ವೈರ್ ಅದನ್ನು ಹಿಡಿದುಕೊಳ್ಳುತ್ತದೆ. ನ್ಯಾನೊಗೆ ಅದೂ ಒಂದು ಕಾಯಿನ್.

ಮೊದಲು ಆ ಎರಡು ಕಾಯಿಲ್‌ಗೂ 1ಎನ್4007 ಡಯೋಡ್ ಹಾಕಿ, ಪಟ್ಟಿ ಇರುವ ಕಡೆ ಪ್ಲಸ್‌ಗೆ. ಕಾಯಿಲ್ ಗ್ರೌಂಡ್ ನೇರವಾಗಿ ಸಪ್ಲೈಗೇ ಹೋಗಲಿ, ನ್ಯಾನೊದ ಗ್ರೌಂಡ್ ಬೇರೆ ವೈರಿನಲ್ಲಿ ಅಲ್ಲಿಗೇ ಬಂದು ಸೇರಲಿ. ಕಾಯಿನ್ ವೈರನ್ನು ಆ ಕಟ್ಟಿನಿಂದ ಬಿಡಿಸಿ, ಅದರದೇ ಗ್ರೌಂಡ್ ವೈರ್ ಜೊತೆ ಹೆಣೆದು ಇನ್ನೊಂದು ಬದಿಯಿಂದ ತನ್ನಿ. ಕಾಯಿನ್ ಪಿನ್ನನ್ನು 5 ವೋಲ್ಟ್‌ಗೆ ಹಿಡಿದಿಡುವ ನ್ಯಾನೊದ ಒಳಗಿನ ಪುಲ್ಅಪ್ ರೆಸಿಸ್ಟರ್ 20ರಿಂದ 50 ಕಿಲೋಓಮ್, ತುಂಬಾ ಸಡಿಲ. ಹೊರಗೆ 5 ವೋಲ್ಟ್‌ಗೆ 2.2 ಕಿಲೋಓಮ್ ಕೊಡಿ. 12 ವೋಲ್ಟ್‌ಗೆ ಮಾತ್ರ ಕೊಡಬೇಡಿ, ಪಿನ್ ಸುಟ್ಟುಹೋಗಬಹುದು.

ಇಷ್ಟಕ್ಕೇ ನಿಲ್ಲಿಸಬೇಡಿ. ಪ್ರೋಗ್ರಾಂ ಬರೆಯುವವರಿಗೂ ಕೆಲಸ ಇದೆ. ಇಂಟರಪ್ಟ್ (ಪಿನ್ ಬದಲಾಯಿತೆಂಬ ಸೂಚನೆ) ಬಂದ ಕೂಡಲೇ ಎಣಿಸುತ್ತಿದ್ದಾರೆ ಅಲ್ವಾ? ಕಾಯಿಲ್ ಒದೆತ ಕೆಲವೇ ಮೈಕ್ರೋಸೆಕೆಂಡ್. ಆಕ್ಸೆಪ್ಟರ್ ಸ್ವಿಚ್ 'ಸ್ಲೋ'ನಲ್ಲಿದ್ದರೆ ನಿಜವಾದ ಕಾಯಿನ್ ಪಲ್ಸ್ (ಸಿಗ್ನಲ್) ಸುಮಾರು 100 ಮಿಲಿಸೆಕೆಂಡ್. 60ರಿಂದ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತ್ರ ಎಣಿಸಿ. ಹಳೆಯ ವಿಡಿಯೊ ಗೇಮ್ ಕಂಪನಿ ಅಟಾರಿಯ ಎಂಜಿನಿಯರ್‌ಗಳೂ ಹೀಗೇ ಮಾಡುತ್ತಿದ್ದರು. ತೀರಾ ಚಿಕ್ಕದಾದ, ತೀರಾ ಉದ್ದವಾದ ಕಾಯಿನ್ ಸಿಗ್ನಲ್ ಎರಡನ್ನೂ ಬಿಟ್ಟುಬಿಡುತ್ತಿದ್ದರು. ಬಾಗಿಲು ಗುದ್ದಿ ಕ್ರೆಡಿಟ್ ಗಿಟ್ಟಿಸುವವರಿಗಾಗಿ ಸ್ಲ್ಯಾಮ್ ಸ್ವಿಚ್ ಅಂತಲೇ ಬೇರೆ ಇಡುತ್ತಿದ್ದರು. ಜಾತ್ರೆಗೆ ಹೋಗುವ ಮೆಷಿನ್‌ಗೆ ಅದೂ ಬೇಕು.

ಕಾಯಿನ್ ಭಾಗ ಸಣ್ಣದು ಅನ್ನಿಸುತ್ತದೆ, ಆದರೆ 1972ರಲ್ಲಿ ಅಮೆರಿಕದ ಸನ್ನಿವೇಲ್‌ನ ಬಾರ್ ಒಂದರಲ್ಲಿ ಇಟ್ಟ ಅಟಾರಿಯ ಮೊದಲ ಪಾಂಗ್ ವಿಡಿಯೊ ಗೇಮ್ ಮೆಷಿನ್ ನಿಂತಿದ್ದೂ ಅದರಿಂದಲೇ. ಅದನ್ನು ಕಟ್ಟಿದ ಆಲ್ ಆಲ್ಕಾರ್ನ್ ಹೋಗಿ ತೆಗೆದು ನೋಡಿದರೆ, ಕಾಯಿನ್ ಡಬ್ಬಿ ತುಂಬಿ ತುಳುಕುತ್ತಿತ್ತು. ನಿಮ್ಮ ಡಬ್ಬಿಯೂ ದೊಡ್ಡದಿರಲಿ.

ಇನ್ನೊಬ್ಬರು:
ಒಂದು ಮಾತು ಸೇರಿಸುತ್ತೇನೆ. ಐದು ರೂಪಾಯಿ ನಾಣ್ಯಗಳೆಲ್ಲ ಒಂದೇ ಅಲ್ಲ. ಹಳೆಯದು ದಪ್ಪ, 9 ಗ್ರಾಂ. ಆಮೇಲೆ ಬಂದ ಸ್ಟೀಲಿನದು, ಹಳದಿ ಬಣ್ಣದ್ದು ಎರಡೂ 6 ಗ್ರಾಂ. ಆಕ್ಸೆಪ್ಟರ್‌ಗೆ ಕಲಿಸುವಾಗ ಒಂದೊಂದು ಬಗೆಯನ್ನೂ ಬೇರೆ ಬೇರೆಯಾಗಿ ಕಲಿಸಿ.

ಪ್ರಶ್ನೆ ಕೇಳಿದವರು:
ಡಯೋಡ್ ಹಾಕಿ ಗ್ರೌಂಡ್ ಬೇರೆ ಮಾಡಿದಾಗಲೇ ಮುಕ್ಕಾಲು ಪಾಲು ಸರಿಹೋಯಿತು. ಆದರೂ ಎರಡು ಇಲಿ ಒಟ್ಟಿಗೆ ಇಳಿದಾಗ ಒಮ್ಮೊಮ್ಮೆ ಏರುತ್ತಿತ್ತು. ಪಲ್ಸ್ ಅಳತೆ ಸೇರಿಸಿದ ಮೇಲೆ ಅದೂ ನಿಂತಿತು. ನಿನ್ನೆ ರಾತ್ರಿ 60 ಆಟ ಆಡಿದೆವು. ಡಬ್ಬಿಯಲ್ಲಿ 60 ಕಾಯಿನ್, ಕೌಂಟರ್‌ನಲ್ಲೂ 60. ಇವತ್ತು ಹಳೆಯ ದಪ್ಪ ಐದು ರೂಪಾಯಿ ನಾಣ್ಯ ಹುಡುಕುತ್ತಿದ್ದೇವೆ. ಅಮ್ಮನ ಡಬ್ಬಿಯಲ್ಲಿ ಹನ್ನೊಂದು ಸಿಕ್ಕಿವೆ, ಕಲಿಸಲು ಇನ್ನೊಂದಿಷ್ಟು ಬೇಕು.